ಚಾಚದ ಕೈ

ಹೇಮಲತಾ ತಿಂಗಳಾಯ ಹಿಮ್ಮುಖವಾಗಿ ಜಾರುತ್ತ ಬಂದು ಒಂಟಿ ಕಾಲಿನಿಂದ ನೆಗೆದಳು. ಗಾಳಿಯಲ್ಲಿ ಒಂದು ಸುತ್ತು ಸುತ್ತಿ ಇಳಿಯುವಾಗ ಬೂಟಿನ ಅಲಗು ಮಂಜುಗಡ್ಡೆಯನ್ನು ಸರಿಯಾಗಿ ಹಿಡಿಯಲಿಲ್ಲ. ಐವತ್ತೆರಡರ ಮೈ ಓರೆಯಾಯಿತು. ಅಂಥ ಗಳಿಗೆಯಲ್ಲಿ ಯಾರ ಕೈಯಾದರೂ ನೆಲದ ಕಡೆಗೆ ಹೋಗಬೇಕು. ಅವಳ ಕೈಗಳು ಹೋಗಲಿಲ್ಲ. ಮೊಣಕೈಗಳು ತಾವಾಗಿ ಮಡಿಚಿ, ಎರಡು ಅಂಗೈಗಳೂ ಎದೆಯ ಮುಂದೆ ಕೂಡಿಕೊಂಡವು. ಅವಳು ಮಗ್ಗುಲಾಗಿ ಬಿದ್ದು, ಸೊಂಟದ ಮೆತ್ತೆಯ ಮೇಲೆ ಗೋಡೆಯವರೆಗೆ ಜಾರಿಹೋಗಿ, ಅಲ್ಲೇ ಕುಳಿತು ನಕ್ಕಳು.

"ನೋಡಿದ್ರಾ ಡಾಕ್ಟ್ರಕ್ಕ? ಹಲಸಿನಹಣ್ಣು ಬಿದ್ದ ಹಾಗೆ ಬಿದ್ದೆ. ಕೈಗೆ ಎಂತದೂ ಆಗ್ಲಿಲ್ಲ!"

ಡಾ. ವಿಶಾಲಾಕ್ಷಿ ಐತಾಳರು ಅಂಚಿನ ಕಂಬಿ ಹಿಡಿದುಕೊಂಡು ನಿಂತಿದ್ದರು. ಹೇಮಲತಾಳ ಮೊಣಕೈಯ ಕೆಳಗೆ ಕಟ್ಟಿದ್ದ ನೀಲಿ ಪಟ್ಟಿಗಳನ್ನು ನೋಡಿ ಅವರ ಮುಖ ಅರಳಿತು. ಆ ಪಟ್ಟಿ ಅವರು ಕಂಡುಹಿಡಿದದ್ದು.

ಮಲ್ಪೆಯಲ್ಲಿ ಮೀನು ಕಡಿಮೆಯಾಗಿ ಐಸ್ ಪ್ಲಾಂಟುಗಳು ಒಂದೊಂದಾಗಿ ಮುಚ್ಚಿದ ಕಾಲ ಅದು. ಹೊರಗೆ ಕಡಲು ತಡೆಗೋಡೆಯ ಮೇಲಿನ ಕಲ್ಲನ್ನು ನೆಕ್ಕುತ್ತಿತ್ತು, ಡಿಸೆಂಬರಿನಲ್ಲೂ ಸೆಕೆ. ಮುಚ್ಚಿದ ಪ್ಲಾಂಟೊಂದರ ನೆಲದಲ್ಲಿ ಮಂಜುಗಡ್ಡೆ ಹರಡಿ ಜಾರುವ ಅಂಗಳ ಮಾಡಿದ್ದರು. ನಡುವಯಸ್ಸಿನವರು ಮೊದಲು ತಂಪಿಗೆಂದು ಬಂದರು, ಆಮೇಲೆ ಫಿಗರ್ ಸ್ಕೇಟಿಂಗ್ ಕಲಿತರು. ಸಂಗೀತಕ್ಕೆ ಸರಿಯಾಗಿ ಮಂಜುಗಡ್ಡೆಯ ಮೇಲೆ ಜಾರಿ, ಸುತ್ತಿ, ನೆಗೆಯುವ ಕಲೆ ಅದು. ಹೇಮಲತಾ ಅಲ್ಲಿನ ಗುರು. ದೋಣಿ ಹತ್ತುವ ಮುಂಚೆ ಅವಳ ಅಪ್ಪ ಕಡಲನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಂತೆ, ಅಂಗಳಕ್ಕೆ ಇಳಿಯುವವರೆಲ್ಲ ಮಂಜುಗಡ್ಡೆಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕೆಂದು ಅವಳು ಕಟ್ಟುಮಾಡಿದ್ದಳು. ಇನ್ನೊಂದು ಕಟ್ಟೂ ಇತ್ತು: ಬಿದ್ದವರನ್ನು ಹತ್ತಿರವಿದ್ದವರು ಎಬ್ಬಿಸದೆ ಯಾರೂ ಮುಂದೆ ಜಾರುವಂತಿಲ್ಲ.

ನಾಲ್ಕು ವರ್ಷದ ಹಿಂದೆ ವಿಶಾಲಾಕ್ಷಿಯವರು ಕಲಿಯಲು ಬಂದ ಹೊಸತರಲ್ಲಿ ಜಾರಿದರು. ಹೇಮಲತಾ ಕೈ ಚಾಚಿ ಅವರನ್ನು ಹಿಡಿದಳು. ಅವರಿಗೆ ಏನೂ ಆಗಲಿಲ್ಲ. ಅವಳ ಮಣಿಕಟ್ಟು ಎರಡು ಕಡೆ ಮುರಿಯಿತು. ವಯಸ್ಸಾದಂತೆ ಹೆಂಗಸರ ಮೂಳೆ ಟೊಳ್ಳಾಗುತ್ತದೆ, ಚಾಚಿದ ಕೈಯ ಮೇಲೆ ಮೈಯ ಭಾರವೆಲ್ಲ ಬಿದ್ದರೆ ಅದು ತಾಳುವುದಿಲ್ಲ. ನರವಿಜ್ಞಾನಿಯಾಗಿದ್ದ ವಿಶಾಲಾಕ್ಷಿಯವರು ಆ ಋಣವನ್ನು ತೀರಿಸಲು ಹೊರಟರು. ಕೈ ಅಲುಗುವ ಮುಂಚೆಯೇ ಮಿದುಳಿನ ಅಪ್ಪಣೆ ಸಣ್ಣ ವಿದ್ಯುತ್ತಾಗಿ ನರದಲ್ಲಿ ಇಳಿದು ಬರುತ್ತದೆ. ಅವರ ಪಟ್ಟಿ ಅದನ್ನು ದಾರಿಯಲ್ಲೇ ಗುರುತಿಸಿ, ಎದುರು ಸ್ನಾಯುವಿಗೆ ಮಿಡಿತ ಕೊಟ್ಟು, ಕೈಯನ್ನು ಎದೆಗೆ ಎಳೆದುಬಿಡುತ್ತಿತ್ತು. ಯಾವ ಚಾಚು ಅಪಾಯದ್ದು ಎಂದು ಪಟ್ಟಿಗೆ ಕಲಿಸುವಾಗ, ತಾನು ಬೀಳುವಾಗಿನ ಚಾಚಿನ ಜೊತೆಗೆ, ಬೀಳುವ ಇನ್ನೊಬ್ಬರನ್ನು ಹಿಡಿಯಲು ಹೋಗುವ ಚಾಚನ್ನೂ ಅವರೇ ಸೇರಿಸಿದರು. ಹೇಮಲತಾಳ ಕೈ ಮುರಿದದ್ದು ಅದರಿಂದಲೇ ಅಲ್ಲವೇ?

ಪಟ್ಟಿ ಬಂದ ಮೇಲೆ ಆ ಅಂಗಳದಲ್ಲಿ ಯಾರ ಮಣಿಕಟ್ಟೂ ಮುರಿಯಲಿಲ್ಲ. ಕಂಪೆನಿಯೊಂದು ಅದನ್ನು ಊರೂರಿಗೆ ಕಳಿಸಿತು. ಮಕ್ಕಳಿಗೂ ಸಣ್ಣ ಪಟ್ಟಿ ತಯಾರಾಯಿತು.

ಪಟ್ಟಿ ಬೇಡವೆಂದವರು ಒಬ್ಬರೇ, ವಿಶಾಲಾಕ್ಷಿಯವರ ಪತಿ ರಘುಪತಿ ಐತಾಳರು. ಅವರು ಸಂಸ್ಕೃತದ ಮೇಷ್ಟರಾಗಿ ನಿವೃತ್ತರಾದವರು. ಬೆಳಿಗ್ಗೆ ಎದ್ದೊಡನೆ ಅಂಗೈ ನೋಡಿಕೊಂಡು ಕಣ್ಣಿಗೆ ಒತ್ತಿಕೊಳ್ಳದೆ ಕಾಲು ಕೆಳಗಿಡುತ್ತಿರಲಿಲ್ಲ. ಹೆಂಡತಿ ಜಾರುವಾಗ ಅವರು ಮಫ್ಲರ್ ಸುತ್ತಿಕೊಂಡು, ಫ್ಲಾಸ್ಕಿನ ಕಾಫಿ ಹಿಡಿದು ಬೆಂಚಿನಲ್ಲಿ ಕುಳಿತಿರುತ್ತಿದ್ದರು.

"ಐತಾಳ್ರೇ, ನೀವೂ ಒಂದು ಜೊತೆ ಕಟ್ಟಿಕೊಳ್ಳಿ. ಮನೆಯಲ್ಲೇ ಡಾಕ್ಟ್ರು, ನಿಮಗೆ ಪುಕ್ಕಟೆ" ಎಂದು ಹೇಮಲತಾ ಕೀಟಲೆ ಮಾಡಿದಳು.

"ಬೇಡ ಮಾರಾಯ್ತಿ. ಮದುವೆಯಾದ ದಿನದಿಂದ ನನ್ನ ಬಾಯಿ ಇವಳ ಅಪ್ಪಣೆಯಲ್ಲಿ ಉಂಟು. ಕೈಯಾದ್ರೂ ನನ್ನದೇ ಇರ್ಲಿ."

ಎಲ್ಲರೂ ನಕ್ಕರು. ಹೇಮಲತಾ ನಗುತ್ತ ನಗುತ್ತ ಥಟ್ಟನೆ ನಿಲ್ಲಿಸಿದಳು.

"ಅಕ್ಕ, ಒಂದು ಮಾತು. ನಿನ್ನೆ ಮನೆಯಲ್ಲಿ ಪುಳ್ಳಿ ಉಯ್ಯಾಲೆಯಿಂದ ಬಿತ್ತು. ನಾನು ಪಕ್ಕದಲ್ಲೇ ಇದ್ದೆ. ನನ್ನ ಕೈ ಬರ್ಲಿಲ್ಲ. ಎದೆಗೆ ಹೋಯ್ತು. ಪಟ್ಟಿ ಹಾಕಿರ್ಲಿಲ್ಲ ಮತ್ತೆ."

"ಮೊಮ್ಮಗುವಿಗೆ ಪೆಟ್ಟಾಯ್ತಾ?"

"ಹಣೆ ಊದಿದೆ, ಅಷ್ಟೆ. ಆದ್ರೆ ಅದು ಬೀಳುವಾಗ ನಾನು ಕೈಮುಗಿದು ನಿಂತಿದ್ದೆ ಅಕ್ಕ. ಸೊಸೆ ನೋಡಿದ ನೋಟ ಉಂಟಲ್ಲ..."

ವಿಶಾಲಾಕ್ಷಿಯವರು ಅವಳ ಬೆನ್ನು ತಟ್ಟಿದರು. "ಅಭ್ಯಾಸದ ಬಲ. ನಾಲ್ಕು ದಿನ ಪಟ್ಟಿ ಬಿಟ್ಟರೆ ಸರಿಯಾಗ್ತದೆ."

ರಘುಪತಿ ಐತಾಳರು ಕಾಫಿಯ ಲೋಟ ಕೆಳಗಿಟ್ಟರು. "ವಿಶಾಲು, ಇಲ್ಲಿ ಬಿದ್ದವರನ್ನು ಎಬ್ಬಿಸುವ ಕಟ್ಟು ಒಂದಿತ್ತಲ್ಲ? ಈಗ ಯಾರೂ ಎಬ್ಬಿಸುವುದು ಕಾಣ್ತಾ ಇಲ್ಲ."

"ಈಗ ಯಾರಿಗೂ ಪೆಟ್ಟಾಗುವುದಿಲ್ಲವಲ್ಲ. ಎಬ್ಬಿಸುವುದು ಯಾಕೆ?"

ರಘುಪತಿ ಐತಾಳರು ತಮ್ಮ ಅಂಗೈಯನ್ನೊಮ್ಮೆ ನೋಡಿಕೊಂಡು ಮಫ್ಲರಿನೊಳಗೆ ಇಟ್ಟುಕೊಂಡರು.

ಮುಂದಿನ ಏಕಾದಶಿಯ ಬೆಳಿಗ್ಗೆ ಗಂಡಹೆಂಡಿರು ದೇವಸ್ಥಾನಕ್ಕೆ ಹೋದರು. ಪಟ್ಟಿಗಳು ಮನೆಯ ಕಪಾಟಿನಲ್ಲಿದ್ದವು. ಕೆರೆಯ ಮೆಟ್ಟಿಲಿಳಿದು ಕಾಲು ತೊಳೆಯುವುದು ರೂಢಿ. ರಘುಪತಿ ಐತಾಳರು ಮುಂದೆ, ವಿಶಾಲಾಕ್ಷಿಯವರು ಅವರ ಹಿಂದಿನ ಮೆಟ್ಟಿಲಲ್ಲಿ. ಪಾಚಿಯ ಮೇಲೆ ಗಂಡನ ಕಾಲು ಜಾರಿತು. ಅವರು ತಿರುಗಿ ಕೈ ಚಾಚಿದರು. ಆ ಕೈ ಎಷ್ಟು ಹತ್ತಿರವಿತ್ತೆಂದರೆ, ಬೆರಳಿನ ಪವಿತ್ರದುಂಗುರದ ಗಂಟು ವಿಶಾಲಾಕ್ಷಿಯವರಿಗೆ ಸ್ಪಷ್ಟವಾಗಿ ಕಂಡಿತು.

ವಿಶಾಲಾಕ್ಷಿಯವರ ಕೈಗಳು ಎದೆಗೆ ಹೋಗಿ ಕೂಡಿಕೊಂಡವು.

ರಘುಪತಿ ಐತಾಳರ ತಲೆ ಮೆಟ್ಟಿಲಿನ ಕಲ್ಲಿಗೆ ಬಡಿಯಿತು. ನೀರು ಹೆಚ್ಚು ಸದ್ದು ಮಾಡದೆ ಅವರನ್ನು ಒಳಗೆ ತೆಗೆದುಕೊಂಡಿತು. ಅಭಿಷೇಕದ ನೀರಿಗೆ ಕೊಡ ಹಿಡಿದು ಬಂದ ಅರ್ಚಕರು, ಮೆಟ್ಟಿಲಲ್ಲಿ ಕೈಮುಗಿದು ನಿಂತ ಹೆಂಗಸನ್ನು ಕಂಡು, ಪ್ರಾರ್ಥನೆಗೆ ಭಂಗವಾಗಬಾರದೆಂದು ಸ್ವಲ್ಪ ಹೊತ್ತು ದೂರದಲ್ಲೇ ಕಾದರು. ದಿಗಿಲಿಗೆ ಮರಗಟ್ಟಿದ್ದ ವಿಶಾಲಾಕ್ಷಿಯವರ ಗಂಟಲಿನಿಂದ ಕೂಗು ಹೊರಟದ್ದು ಆಮೇಲೆ.

ಹದಿಮೂರನೆಯ ದಿನದ ಕರ್ಮ ಮುಗಿದ ಮೇಲೆ ಅವರು ಪ್ರಯೋಗಶಾಲೆಯ ಬಾಗಿಲು ತೆಗೆದರು. ತಮ್ಮ ಮೇಲೆಯೇ ಪರೀಕ್ಷೆ ಮಾಡಿಕೊಂಡರು. ಕಿರುಮಿದುಳು, ಎಂದರೆ ಯೋಚನೆಯನ್ನು ಕೇಳದೆ ಮೈಯನ್ನು ನಡೆಸುವ ಮಿದುಳಿನ ಹಿಂಭಾಗ, ಪಟ್ಟಿಯ ಪಾಠವನ್ನು ಪೂರ್ತಿ ಕಲಿತುಬಿಟ್ಟಿತ್ತು. ಪಟ್ಟಿ ಬಿಚ್ಚಿದರೂ ಪಾಠ ಬಿಚ್ಚುತ್ತಿರಲಿಲ್ಲ. ಬೇಕೆಂದು ಚಾಚಿದರೆ ಕೈ ಚಾಚುತ್ತಿತ್ತು; ಕಾಫಿಯ ಲೋಟ ಹಿಡಿಯಬಹುದು, ಆರತಿ ತೆಗೆದುಕೊಳ್ಳಬಹುದು. ಕೇಳದೆ ಬರುವ ಕೈ ಮಾತ್ರ ಬರುತ್ತಿರಲಿಲ್ಲ. ಭಗವಂತ ಯಾವುದನ್ನು ನಮ್ಮ ಯೋಚನೆಗೆ ಬಿಡದೆ ತಾನೇ ಮೈಯಲ್ಲಿ ಇಟ್ಟಿದ್ದನೋ, ಅದನ್ನೇ ಅವರು ಅಪಾಯವೆಂದು ಬಗೆದು ತೆಗೆದುಹಾಕಿದ್ದರು.

ಅವರು ಕಂಪೆನಿಗೆ ಹೋಗಿ ಪಟ್ಟಿಯನ್ನು ನಿಲ್ಲಿಸಿರೆಂದು ಕೇಳಿದರು. ಅಲ್ಲಿನ ಅಧಿಕಾರಿ ಕೆಟ್ಟವನಲ್ಲ. ಎದ್ದು ನಿಂತು, ತಾನೇ ನೀರು ತಂದುಕೊಟ್ಟನು.

"ಮೇಡಂ, ನಿಮ್ಮ ದುಃಖ ದೊಡ್ಡದು. ಆದರೆ ಮುರಿಯದೆ ಉಳಿದ ಮಣಿಕಟ್ಟುಗಳನ್ನು ನಾವು ಎಣಿಸಿ ತೋರಿಸಬಹುದು. ಚಾಚದೆ ಹೋದ ಕೈಗಳನ್ನು ಎಣಿಸಿದವರು ಯಾರು?"

ಕೈ ತಾನಾಗಿ ಮುಂದೆ ಬರುತ್ತಿದ್ದ ಕಾಲದಲ್ಲಿ ಅದನ್ನು ಯಾರೂ ಎಣಿಸಿರಲಿಲ್ಲ.

ಹೇಮಲತಾ ಅಂಗಳದಲ್ಲಿ ಪಟ್ಟಿಯನ್ನು ನಿಷೇಧಿಸಿದಳು. ಅರ್ಧಕ್ಕರ್ಧ ಜನ ಬಿಟ್ಟುಹೋದರು. ಉಳಿದವರು ಹೊಸ ಪಾಠಕ್ಕೆ ನಿಂತರು: ಒಬ್ಬರು ಬೀಳಬೇಕು, ಇನ್ನೊಬ್ಬರು ಹಿಡಿಯಬೇಕು. ಬಿದ್ದವರು ಬಿದ್ದರು, ಹಿಡಿಯಬೇಕಾದವರು ಎದೆಗೆ ಕೈಯಿಟ್ಟು ನಿಂತರು. ಒಂದು ಮಳೆಗಾಲ ಪೂರ್ತಿ ಹೀಗೇ ಹೋಯಿತು. ಗಂಡನಿಂದ ಕಲಿತಿದ್ದ, ಬೆಳಿಗ್ಗೆ ಎದ್ದು ಅಂಗೈ ನೋಡಿಕೊಳ್ಳುವ ರೂಢಿಯನ್ನು ವಿಶಾಲಾಕ್ಷಿಯವರು ಬಿಟ್ಟಿದ್ದರು.

ಗೌರಿಹಬ್ಬ ಕಳೆದ ಒಂದು ಸಂಜೆ ಪಾಠ ಮುಗಿಸಿ ಅಂಚಿಗೆ ಬರುವಾಗ ವಿಶಾಲಾಕ್ಷಿಯವರ ಅಲಗು ನಿಜವಾಗಿಯೇ ಸಿಕ್ಕಿಕೊಂಡಿತು. ಅವರು ಹಿಮ್ಮುಖವಾಗಿ ಬಿದ್ದರು. ತಲೆ ಮಂಜುಗಡ್ಡೆಗೆ ತಾಗುವ ಮೊದಲೇ ಅದರ ಕೆಳಗೆ ಒಂದು ಕೈ ಬಂದಿತ್ತು. ಒಣಕಡ್ಡಿ ಮುರಿದಂತೆ ಸದ್ದಾಯಿತು.

"ಅಯ್ಯೋ ದೇವರೇ, ಹೇಮಾ!"

"ಬಂತಕ್ಕ" ಎಂದಳು ಹೇಮಲತಾ. ನೋವಿಗೆ ಮುಖ ಬೂದಿಯಾಗಿತ್ತು, ಕಣ್ಣಲ್ಲಿ ನೀರು, ಬಾಯಲ್ಲಿ ನಗು. "ಕೈ ಬಂತು. ನಾನು ಕರೀಲಿಲ್ಲ, ಅದೇ ಬಂತು."

ವಿಶಾಲಾಕ್ಷಿಯವರು ಆ ಮುರಿದ ಕೈಯನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಮಂಜುಗಡ್ಡೆಯ ಮೇಲೆಯೇ ಅತ್ತರು. ಗಂಡ ಸತ್ತ ಮೇಲೆ ಅವರು ಅತ್ತದ್ದು ಅದೇ ಮೊದಲು.

ವಿಶಾಲಾಕ್ಷಿಯವರು ಈಗ ಸುತ್ತಿಕೊಳ್ಳುತ್ತಿದ್ದ ಗಂಡನ ಮಫ್ಲರಿನಲ್ಲಿ ಹೇಮಲತಾಳ ಕೈಯನ್ನು ಕಟ್ಟಿ, ಆಸ್ಪತ್ರೆಗೆ ಹೊರಡಲು ಇಬ್ಬರೂ ಹೊರಗೆ ಬಂದರು. ರಸ್ತೆಯಾಚೆ ತಡೆಗೋಡೆಯ ಬಳಿ ಶಾಲೆಯ ಬಸ್ಸು ನಿಂತು ಮಕ್ಕಳು ಇಳಿಯುತ್ತಿದ್ದರು. ಎಲ್ಲರ ಮೊಣಕೈಯ ಕೆಳಗೂ ಸಣ್ಣ ನೀಲಿ ಪಟ್ಟಿ. ಕಡಲು ಉಬ್ಬಿತ್ತು. ಒಂದು ಹುಡುಗಿ ಗೋಡೆಯ ಮೇಲೆ ಹತ್ತಿ ನಡೆಯತೊಡಗಿದಳು. ಒದ್ದೆಗಲ್ಲಿನ ಮೇಲೆ ಅವಳ ಚಪ್ಪಲಿ ಜಾರಿತು.

ಸುತ್ತ ನಿಂತಿದ್ದ ಮಕ್ಕಳೆಲ್ಲರ ಕೈಗಳು ಒಮ್ಮೆಲೇ ಎದೆಗೆ ಹೋಗಿ ಕೂಡಿಕೊಂಡವು. ಸಂಜೆಯ ಬೆಳಕಿನಲ್ಲಿ ಅವರು ಕಡಲಿಗೆ ನಮಸ್ಕಾರ ಮಾಡುತ್ತಿರುವಂತೆ ಕಂಡಿತು.

ವಿಶಾಲಾಕ್ಷಿಯವರು ಓಡಿದರು. ಅಷ್ಟು ದೂರದಿಂದ ಮುಟ್ಟುವುದಿಲ್ಲವೆಂದು ತಿಳಿಯುವ ಮೊದಲೇ ಅವರ ಎರಡು ಕೈಗಳೂ ಮುಂದೆ ಚಾಚಿದ್ದವು.