ಯಲಿಗಾರ ಮಾಸ್ತರರ ಕಿಣ್ವ

ಬೆಟಗೇರಿಯ ಪ್ರಯೋಗಾಲಯದಲ್ಲಿ ಜೀನುಮಗ್ಗ ಸದ್ದಿಲ್ಲದೆ ನೇಯುತ್ತಿತ್ತು. ಒಂದು ತುದಿಯಲ್ಲಿ ಮನುಷ್ಯನೊಬ್ಬನ ಜೊಲ್ಲಿನ ಹನಿ ಇಟ್ಟರೆ, ಯಂತ್ರವು ಬೇಕಾದ ಜೀನನ್ನಷ್ಟೇ ಹೆಕ್ಕಿ, ನಕಲು ಮಾಡಿ, ಬ್ಯಾಕ್ಟೀರಿಯಾದ ಜೀನುಗಳ ನಡುವೆ ಹೆಣೆಯುತ್ತಿತ್ತು. ಬಳಿಕ ಆ ಬ್ಯಾಕ್ಟೀರಿಯಾ ಮನುಷ್ಯನ ಕಿಣ್ವವನ್ನೇ ತಯಾರಿಸತೊಡಗುತ್ತಿತ್ತು. ಇದಕ್ಕೆ ಮರುಜೋಡಣೆಯ ಕಿಣ್ವ ಎಂದು ಹೆಸರು. ಹಿಂದೆ ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸ ಈಗ ಒಂದೇ ಮಧ್ಯಾಹ್ನದಲ್ಲಿ ಮುಗಿಯುತ್ತಿತ್ತು. ಡಾ. ಮೃಣಾಲಿನಿ ಹೆಬ್ಬಳ್ಳಿ ಆ ವರ್ಷ ಮದ್ಯವನ್ನು ಒಡೆಯುವ ಕಿಣ್ವಗಳನ್ನು ನೇಯಿಸುತ್ತಿದ್ದರು. ಅವು ಸಂಶೋಧನೆಗೆ ಮಾತ್ರ, ಯಾರೂ ನುಂಗುವಂಥವಲ್ಲ.

ಜೊಲ್ಲು ಕೊಟ್ಟ ಪ್ರತಿಯೊಬ್ಬರಿಗೂ ಫಲಿತಾಂಶವನ್ನು ಕನ್ನಡದಲ್ಲೇ ತಿಳಿಸಬೇಕೆಂಬ ನಿಯಮವಿತ್ತು. ನಿಯಮ ಒಳ್ಳೆಯದೇ. ಆದರೆ ತೊಂದರೆ ಶುರುವಾದದ್ದು ಅಲ್ಲಿಂದಲೇ.

ನಿವೃತ್ತ ಕನ್ನಡ ಮಾಸ್ತರರೂ ಪಾನನಿರೋಧ ಮಂಡಳಿಯ ಅಧ್ಯಕ್ಷರೂ ಆದ ಗುರುಪಾದಪ್ಪ ಯಲಿಗಾರರು ಜೊಲ್ಲು ಕೊಟ್ಟವರಲ್ಲಿ ಒಬ್ಬರು. ಒಂದು ಬೆಳಿಗ್ಗೆ ಅವರು ಕೈಯಲ್ಲಿ ಫಲಿತಾಂಶದ ಪತ್ರ ಹಿಡಿದು, ಕಂಕುಳಲ್ಲಿ ದಪ್ಪ ನಿಘಂಟು ಇರುಕಿಕೊಂಡು ಬಂದರು.

“ಮೇಡಮ್ಮಾರ, ಈ ಪತ್ರ ಬರದವರು ಯಾರು?”

“ನಾನ ರೀ ಸರ. ಸಾವಿರ ಮಂದಿಯೊಳಗ ನಿಮ್ಮ ಕಿಣ್ವನ ಎಲ್ಲಾರಕಿಂತ ಚುರುಕು. ಅಭಿನಂದನೆ!”

“ಅಭಿನಂದನೆ ಬ್ಯಾಡ. ಕಿಣ್ವ ಅಂದ್ರ ಏನು? ಓದ್ರಿ ಇಲ್ಲಿ.”

ನಿಘಂಟಿನಲ್ಲಿ ಹಳೆಯ ಅರ್ಥವಿತ್ತು: ಹೆಂಡ ಹುಳಿಸಲು ಹಾಕುವ ಹುದುಗು.

“ಅರವತ್ತಾರು ವರ್ಷ ಒಂದು ಹನಿ ಮುಟ್ಟಿಲ್ಲ ನಾ. ನನ್ನ ಹೊಟ್ಟ್ಯಾಗ ಹೆಂಡದ ಹುದುಗು ಐತಿ ಅಂತ ಶಿಕ್ಕಾ ಹೊಡದು ಕಳಿಸೀರಿ!”

ಪತ್ರ ಬಂದಾಗ ಮಗಳು ನೀಲಾಂಬಿಕಾ ತವರಿನಲ್ಲಿದ್ದಳು. ಮೂರು ವರ್ಷದ ಹಿಂದೆ ಮದುವೆಯೊಂದರಲ್ಲಿ ಅವಳ ಗಂಡ ವಿರೂಪಾಕ್ಷ ಕುಡಿದು ಹಂದರದಲ್ಲೇ ಬಿದ್ದಿದ್ದ. ಒಂದೇ ಗುಟುಕು ಎಂದು ಆಣೆ ಮಾಡಿದ. ಮಾಸ್ತರರು ನಂಬಲಿಲ್ಲ, ಅಂದಿನಿಂದ ಅಳಿಯನಿಗೆ ಬಾಗಿಲು ಮುಚ್ಚಿತು, ಮಗಳು ಹಬ್ಬಕ್ಕೆ ಒಬ್ಬಳೇ ಬರುತ್ತಿದ್ದಳು. ಈಗ ಪತ್ರವನ್ನೂ ನಿಘಂಟನ್ನೂ ಓದಿ ಅವಳು ಕೇಳಿದ್ದಳು: “ಅಪ್ಪಾ, ಒಂದು ಗುಟುಕಿಗೆ ಅಳಿಯನ್ನ ಹೊರಗ ಹಾಕಿದಿ. ನಿನ್ನೊಳಗ ಭಟ್ಟೀನ ಐತಂತಲ್ಲ, ನೀ ಯಾವಾಗ ಹೊರಗ ಹೋಗಾಂವ?”

ಪ್ರಯೋಗಾಲಯ ಆ ಪತ್ರವನ್ನು ಹಿಂದಕ್ಕೆ ಪಡೆಯದಿದ್ದರೆ ಮಾಸ್ತರರು ಮಗಳೆದುರು ತಲೆಯೆತ್ತುವಂತಿರಲಿಲ್ಲ.

“ಶಬ್ದ ಹಳೇದು ಸರ, ಕೆಲಸ ಹೊಸಾದು,” ಎಂದರು ಮೃಣಾಲಿನಿ. “ಇದು ಹೆಂಡ ಮಾಡೂದಲ್ಲ, ಮುರಿಯೂದು.”

ಅವರು ವಿವರಿಸಿದರು. ದೇಹದಲ್ಲಿ ಮದ್ಯ ಮುಖ್ಯವಾಗಿ ಎರಡು ಹಂತದಲ್ಲಿ ಒಡೆಯುತ್ತದೆ. ಮೊದಲ ಕಿಣ್ವ ಅದನ್ನು ಒಂದು ವಿಷವಾಗಿ ಮಾಡುತ್ತದೆ. ಎರಡನೆಯದು ಆ ವಿಷವನ್ನು ವಿನೆಗರಿನ ಜಾತಿಯ ನಿರುಪದ್ರವಿ ವಸ್ತುವಾಗಿ ಬದಲಿಸುತ್ತದೆ. ಮಾಸ್ತರರಲ್ಲಿ ಎರಡೂ ಬಲು ಚುರುಕು.

“ನೀವು ಅರ್ಧ ಬಾಟ್ಲಿ ಕುಡದ್ರೂ ಸಂಧಿ ಬಿಡಿಸಿ ಹೇಳ್ತಿದ್ರಿ ನೋಡ್ರಿ.”

“ಶಾಂತಂ ಪಾಪಂ!” ಎಂದರೂ ಮಾಸ್ತರರ ಮೀಸೆ ಕುಣಿಯಿತು. “ಅಂದ್ರ ನನ್ನ ದೇಹಾನೂ ನಮ್ಮ ಮಂಡಳಿ ಸದಸ್ಯ ಅನ್ರಿ! ಮತ್ತ ಆ ಎರಡನೇದು ಮಂದ ಇದ್ದವರದು?”

“ವಿಷ ಮೈಯಾಗ ಉಳೀತೈತ್ರಿ. ಮಾರಿ ಕೆಂಪಾಗಿ, ವಾಂತಿ ಆಗಿ, ಕೆಲವರು ಬಿದ್ದೂ ಬೀಳ್ತಾರ.”

“ಎಷ್ಟು ಕುಡದ್ರ?”

“ಕೆಲವರಿಗೆ ಒಂದು ಗುಟುಕು ಸಾಕ್ರಿ.”

ಮಾಸ್ತರರು ನಿಘಂಟು ಮುಚ್ಚಿದರು.

“ಅವತ್ತ ಹಂದರದಾಗ ಅಳಿಯನ ಮಾರಿ ಕೆಂಪಾಗಿತ್ತು,” ಎಂದರು, ಯಾರಿಗೂ ಹೇಳದವರಂತೆ. ಪತ್ರದ ಮಾತೇ ಮರೆತುಹೋಯಿತು. ನೇರ ನಿಲ್ದಾಣಕ್ಕೆ ನಡೆದು ಅಳಿಯನ ಊರಾದ ನರಗುಂದದ ಬಸ್ಸು ಹತ್ತಿದರು.

ಬಾಗಿಲು ತೆರೆದ ವಿರೂಪಾಕ್ಷ ಕಂಬದಂತೆ ನಿಂತ. ಅವನ ಬೆನ್ನಿಗೆ, ತವರಿನಿಂದ ಹಿಂದಿನ ದಿನವಷ್ಟೇ ಮರಳಿದ್ದ ನೀಲಾಂಬಿಕಾ. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ನಾಲ್ಕು ವಾಕ್ಯಗಳಲ್ಲಿ ಮಾಸ್ತರರಿಗೆ ಒಂದೂ ನೆನಪಾಗಲಿಲ್ಲ. ಚಪ್ಪಲಿ ಬಿಟ್ಟು ಒಂದು ಕಾಲು ಒಳಗಿಟ್ಟರು.

“ತಪ್ಪು ನಂದಪ್ಪಾ. ನಿನ್ನ ಎರಡನೇ ಕಿಣ್ವ ಮಂದ ಇರಬೇಕು. ಅಂಥವರು ಒಂದು ಗುಟುಕಿಗೂ ಬೀಳ್ತಾರಂತ. ನೀ ಖರೇನ ಹೇಳಿದ್ದಿ.”

ವಿರೂಪಾಕ್ಷ ಹೆಂಡತಿಯ ಮುಖ ನೋಡಿದ. ವಿಜ್ಞಾನವೇ ತನ್ನ ಪರ ಸಾಕ್ಷಿ ನುಡಿದಿರುವಾಗ ಸುಮ್ಮನಿರುವುದು ಸುಲಭವಿತ್ತು. ಆದರೆ ತಾನಾಗಿ ಮನೆಗೆ ಬಂದು ತಲೆತಗ್ಗಿಸಿದ ಮಾವನೆದುರು ಆ ಹಳೆಯ ಸುಳ್ಳನ್ನು ಮುಂದುವರಿಸಲು ಅವನಿಗೆ ಮನಸ್ಸಾಗಲಿಲ್ಲ.

“ಮಾವಾರ, ಬೈಬ್ಯಾಡ್ರಿ. ನಾಕು ಗ್ಲಾಸ್ ಆಗಿತ್ರಿ. ಅದಾದ ಮ್ಯಾಲೆ ಮುಟ್ಟಿಲ್ರಿ.”

ಮಾಸ್ತರರು ಒಳಗಿದ್ದ ಕಾಲನ್ನೊಮ್ಮೆ, ಹೊರಗಿದ್ದ ಕಾಲನ್ನೊಮ್ಮೆ ನೋಡಿಕೊಂಡರು.

“ನಾಕು ಗ್ಲಾಸಾ? ಅಂದ್ರ ನಿನ್ನ ಕಿಣ್ವಕ್ಕೇನೂ ಧಾಡಿ ಆಗಿಲ್ಲ ಬಿಡು,” ಎಂದು ಇನ್ನೊಂದು ಕಾಲನ್ನೂ ಒಳಗಿಟ್ಟರು.