ಹದಿನೇಳನೆಯ ಹೇಳಿಕೆ

ಬೆಳಿಗ್ಗೆ ಹತ್ತೂಕಾಲಿಗೆ ಕಿರಿಯ ನರ್ಸ್ ಫೋನ್ ಮಾಡಿದಳು.

"ಮೇಡಂ, ನಮ್ಮ ವೆಬ್‌ಸೈಟಲ್ಲಿ ಏನೂ ಇಲ್ಲ. ಖಾಲಿ ಪುಟ ಬರ್ತಿದೆ."

ಹೆಡ್ ನರ್ಸಿನ ತಂಗಿ ಲ್ಯಾಪ್‌ಟಾಪ್ ತೆರೆದಳು. ಕ್ಲೌಡ್‌ನಲ್ಲಿ ಬಾಡಿಗೆಗೆ ಹಿಡಿದ ಆ ಸರ್ವರನ್ನು ಎರಡು ತಿಂಗಳ ಹಿಂದೆ ಕಟ್ಟಿ ನಿಲ್ಲಿಸಿದ್ದು ಅವಳೇ. ಕಟ್ಟಿಸಿದ್ದು ಆ ಅಕ್ಕ. ಅವಧಿ ಮೀರಿದ ಔಷಧಿ ಮೂರು ಮಕ್ಕಳ ಜೀವ ತೆಗೆದಿತ್ತು. ನರ್ಸ್‌ಗಳು ಕಂಡದ್ದನ್ನು ಹೆಸರು ಹೇಳದೆ ಬರೆಯಲು ಒಂದು ಜಾಗ ಬೇಕಿತ್ತು.

ಸರ್ವರ್ ಓಡುತ್ತಲೇ ಇತ್ತು. ಹೇಳಿಕೆಗಳ ಫೋಲ್ಡರ್ ಮಾತ್ರ ಗುಡಿಸಿ ಹಾಕಿದಂತೆ ಮಾಯ.

"ಆಸ್ಪತ್ರೆ ಮುಖ್ಯಾಧಿಕಾರಿದೇ ಕೆಲಸ. ನಾಳೆ ತನಿಖೆಯವ್ರು ಬರ್ತಾರಲ್ಲ!" ಎಂದಳು ಕಿರಿಯ ನರ್ಸ್.

* * *

ಸರ್ವರಿನ ದಾಖಲೆಯ ಪ್ರಕಾರ ಯಾರೋ ನಾಲ್ಕು ಸಾವಿರ ಸಲ ಪಾಸ್‌ವರ್ಡ್ ಊಹಿಸಿ ಸೋತಿದ್ದರು. ತಂಗಿ ತಲೆಕೆಡಿಸಿಕೊಳ್ಳಲಿಲ್ಲ. ಬೀದಿನಾಯಿ ಬೊಗಳಿದ ಹಾಗೆ, ಇದು ಯಾವ ಸರ್ವರಿಗೂ ತಪ್ಪಿದ್ದಲ್ಲ. ಪಾಸ್‌ವರ್ಡಿನ ದಾರಿಯನ್ನು ಮೊದಲ ದಿನವೇ ಮುಚ್ಚಿದ್ದಳು. ಒಳಗೆ ಬರಲು ಕೀಲಿ ಫೈಲ್ ಬೇಕು. ಇದ್ದದ್ದು ಎರಡೇ, ಅಕ್ಕತಂಗಿಯರ ಲ್ಯಾಪ್‌ಟಾಪ್‌ಗಳಲ್ಲಿ.

ಒಂಬತ್ತು ನಲವತ್ತಕ್ಕೆ ಒಂದು ಕೀಲಿ ಒಳಗೆ ಬಂದಿತ್ತು. ಅವಳದಲ್ಲ.

ಅದಕ್ಕೂ ಮುಂಚೆ, ಆಸ್ಪತ್ರೆಯಿಂದಲೇ, ಹಿಂದಿನ ದಿನ ಬಂದು ಇನ್ನೂ ಪ್ರಕಟವಾಗದ ಹದಿನೇಳನೆಯ ಹೇಳಿಕೆಯನ್ನು ಯಾರೋ ನಾಲ್ಕು ಸಲ ಓದಿದ್ದರು.

ತಂಗಿ ಹಿಂದಿನ ದಿನದ ಬ್ಯಾಕಪ್ ಪ್ರತಿ ತೆರೆದು ಅದನ್ನು ಓದಿದಳು. ತಕ್ಷಣ ಆಸ್ಪತ್ರೆಗೆ ಹೊರಟಳು.

* * *

ನರ್ಸ್‌ಗಳ ಕೋಣೆಯಲ್ಲಿ ಅಕ್ಕ ಒಬ್ಬಳೇ ಇದ್ದಳು. ಅವಳ ಲ್ಯಾಪ್‌ಟಾಪ್ ಮೇಜಿನ ಮೇಲಿತ್ತು.

"ನಿನ್ನ ಕೀಲಿಯಿಂದ ಯಾರೋ ಒಳಗೆ ಬಂದಿದಾರೆ, ಅಕ್ಕ."

"ಇದು ಇಲ್ಲೇ ಬಿದ್ದಿರತ್ತೆ ಕಣೇ. ಮುಖ್ಯಾಧಿಕಾರಿ ಬೆಳಿಗ್ಗೆ ಬಂದಿದ್ರು."

"ಕೀಲಿಗೊಂದು ಗುಟ್ಟಿನ ಪದ ಇಟ್ಟಿದ್ವಲ್ಲ. ಯಾರಿಗಾದ್ರೂ ಹೇಳಿದೀಯಾ? ಎಲ್ಲಾದ್ರೂ ಬರೆದಿಟ್ಟಿದೀಯಾ?"

"ಅಯ್ಯೋ, ಇಲ್ಲಪ್ಪ! ನನ್ನ ಬಾಯಿಂದ ಹೊರಗೆ..."

ಅಕ್ಕ ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡಳು.

"ಹಾಗಾದ್ರೆ ಲ್ಯಾಪ್‌ಟಾಪ್ ಯಾರು ತಗೊಂಡ್ರೂ ಕೀಲಿ ತಿರುಗ್ತಿರ್ಲಿಲ್ಲ. ಪ್ರಕಟ ಆಗದ ಹೇಳಿಕೆ ನೋಡೋಕೆ ಆಗೋದೂ ನಮ್ಮಿಬ್ಬರಿಗೇ. ಹದಿನೇಳರಲ್ಲಿ ಏನಿದೆ, ನೀನೇ ಹೇಳು."

ಅಕ್ಕ ಕುರ್ಚಿ ಎಳೆದು ಕೂತಳು. "ಯಾರೋ ನನ್ನ ನೋಡಿ ಬರೆದಿದಾರೆ. ಔಷಧಿ ಸೀಸೆಗಳ ಮೇಲಿನ ತಾರೀಖು ಬದಲಾಯಿಸಿದ್ದು ನಾನು. ಮುಖ್ಯಾಧಿಕಾರಿ ಬಾಯಲ್ಲಿ ಹೇಳಿದ್ರು, ನಾನು ಕೈಯಾರೆ ಅಂಟಿಸ್ದೆ. ಮಕ್ಕಳು ಸಾಯ್ತಾವೆ ಅಂತ ಗೊತ್ತಿರ್ಲಿಲ್ಲ ಕಣೇ."

"ಮತ್ತೆ ಈ ವೆಬ್‌ಸೈಟ್ ಯಾಕೆ ಮಾಡಿಸ್ದೆ?"

"ಎಲ್ಲಾರೂ ಅವ್ರ ಹೆಸರೇ ಬರೀತಾರೆ ಅಂದ್ಕೊಂಡೆ. ನನ್ನನ್ನ ಯಾರೂ ನೋಡಿಲ್ಲ ಅಂದ್ಕೊಂಡೆ. ಅದೊಂದೇ ಅಳಿಸಿದ್ರೆ ಗೊತ್ತಾಗತ್ತೆ ಅಂತ ಎಲ್ಲಾ ಅಳಿಸ್ದೆ." ತಂಗಿಯ ಕೈ ಹಿಡಿದಳು. "ಅಮ್ಮ ಹೋದ್ಮೇಲೆ ನಿನ್ನ ಎತ್ತಿ ಆಡಿಸಿದೋಳು ನಾನು. ವಾಪಸ್ ಹಾಕೋವಾಗ ಅದೊಂದು ಬಿಟ್ಟುಬಿಡೇ."

ತಂಗಿ ಕೈ ಬಿಡಿಸಿಕೊಂಡಳು. ಅಲ್ಲೇ ಕೂತು ಹದಿನೇಳೂ ಹೇಳಿಕೆಗಳನ್ನು ಮರಳಿ ಹಾಕಿದಳು.

* * *

ತನಿಖೆ ಮೂರು ವಾರ ನಡೆಯಿತು. ಬಾಯಲ್ಲಿ ಕೊಟ್ಟ ಆಜ್ಞೆಗೆ ಸಾಕ್ಷಿ ಸಿಗಲಿಲ್ಲ. ಮುಖ್ಯಾಧಿಕಾರಿ ಬಡ್ತಿ ಪಡೆದು ಬೇರೆ ಆಸ್ಪತ್ರೆಗೆ ಹೋದ. ಅಕ್ಕ ಜೈಲಿಗೆ ಹೋದಳು.

ತಂಗಿ ಪ್ರತಿ ಭೇಟಿಯ ದಿನವೂ ಹೋಗಿ ಬೆಂಚಿನ ಮೇಲೆ ಕಾಯುತ್ತಾಳೆ. ಅಕ್ಕ ಇದುವರೆಗೆ ಒಮ್ಮೆಯೂ ಅವಳನ್ನು ನೋಡಲು ಹೊರಗೆ ಬಂದಿಲ್ಲ.