ಸೈಕಲ್ ಲೇನಿನ ಇಂಜಿನಿಯರ್ರು

"ರೀ! ಇದು ಸೈಕಲ್ ಲೇನು. ನಿಮ್ಮನೆ ಅಂಗಳ ಅಲ್ಲ!"

ಅವಳು ಕಾರಿನ ಗಾಜಿಗೆ ಬಡಿದ ರಭಸಕ್ಕೆ ಒಳಗಿದ್ದವನ ಕಾಫಿ ಅಂಗಿಯ ಮೇಲೆ ಚೆಲ್ಲಿತು.

ಅವಳು ಫಿಸಿಯೋಥೆರಪಿಸ್ಟ್. ಮನೆಮನೆಗೆ ಹೋಗಿ ಜನರ ಮಂಡಿ, ಸೊಂಟ ಸರಿಮಾಡುವವಳು. ಬಸ್ಸಿನಲ್ಲಾದರೆ ದಿನಕ್ಕೆ ಮೂರು ಮನೆ, ಸೈಕಲ್ಲಿನಲ್ಲಿ ಏಳು. ಆ ಲೇನೇ ಅವಳ ಅನ್ನದ ದಾರಿ.

"ಸಾರಿ... ಮುಕ್ಕಾಲು ಗಂಟೆಯಿಂದ ಟ್ರಾಫಿಕ್ಕಲ್ಲಿ ಸಿಕ್ಕಾಕೊಂಡಿದ್ದೆ. ಅರ್ಜೆಂಟ್ ಮೀಟಿಂಗು."

"ಯಾವುದ್ರ ಮೀಟಿಂಗು?"

ಅವನು ತಲೆ ತಗ್ಗಿಸಿದ. "ಸೈಕಲ್ ಲೇನಿಂದು. ನಾನು ರಸ್ತೆ ಇಲಾಖೆ ಇಂಜಿನಿಯರ್ರು."

ಮರುದಿನ ಅವನು ಹೊಸ ಸೈಕಲ್ಲು, ಜೇಬಲ್ಲೊಂದು ನೋಟ್‌ಬುಕ್ಕಿನೊಂದಿಗೆ ಪ್ರತ್ಯಕ್ಷನಾದ. ಅವಳೆದುರೇ ದಢಾರನೆ ಬಿದ್ದ. ಮರುದಿನವೂ ಬಿದ್ದ. ಮೂರನೇ ಸಲ ಅವಳೇ ಅವನ ಮಂಡಿ ಒತ್ತಿ ನೋಡಿದಳು.

"ನೋವಿದ್ಯಾ?"

"ಇಲ್ಲ... ಇನ್ನೂ ಸ್ವಲ್ಪ ನೋಡಿ."

ಅಯ್ಯೋ, ನನ್ನೆದೆ ಯಾಕೆ ಹೀಗೆ ಹೊಡೆದುಕೊಳ್ಳುತ್ತಿದೆ ಅಂದುಕೊಂಡಳು ಅವಳು!

ತಿಂಗಳಾಗುವಷ್ಟರಲ್ಲಿ ಅವನ ಕಚೇರಿಯಲ್ಲೇ ಟೈಪಿಂಗ್ ಮಾಡುವ ಅವಳ ಅತ್ತಿಗೆ ಬಾಂಬ್ ಸಿಡಿಸಿದರು. "ನಿನ್ನ ಲೇನ್ ಕಿತ್ತು ಪಾರ್ಕಿಂಗ್ ಮಾಡ್ತಾರಂತೆ ಕಣೇ. ಅಂಗಡಿಯವರು ಅರ್ಜಿ ಕೊಟ್ಟಿದ್ದಾರೆ. ವರದಿ ಬರೀತಿರೋನು ನಿನ್ನ ಇಂಜಿನಿಯರ್ರೇ!"

ಅವನು ದಿನವೂ ನೋಟ್‌ಬುಕ್ಕಿನಲ್ಲಿ ಏನೋ ಗೀಚುತ್ತಿದ್ದುದು ಅವಳಿಗೆ ನೆನಪಾಯಿತು. ಆ ನೋಟ್‌ಬುಕ್ಕು ಇದಕ್ಕೇನಾ? ಬೀಳುವುದೆಲ್ಲ ನಾಟಕವಾ?

ಮರುದಿನ ಅವನು ಕೈಬೀಸಿದ. ಅವಳು ಮುಖ ತಿರುಗಿಸಿದಳು. ಕೈಬೀಸಿದ ತಪ್ಪಿಗೆ ಅವನು ಮತ್ತೆ ಬಿದ್ದ. ಅವಳು ನಿಲ್ಲಲಿಲ್ಲ, ಕಣ್ಣು ಮಾತ್ರ ತುಂಬಿತ್ತು.

ಸಾರ್ವಜನಿಕ ಸಭೆಯ ದಿನ ಜಗಳಕ್ಕೆ ಸಿದ್ಧಳಾಗಿ ಮುಂದಿನ ಸಾಲಲ್ಲೇ ಕೂತಳು.

ಅವನು ಎದ್ದು ಹೇಳಿದ: "ದಿನಾ ನಾನೂರ ಹನ್ನೆರಡು ಜನ ಈ ಲೇನಲ್ಲಿ ಹೋಗ್ತಾರೆ. ಅಷ್ಟೂ ಜನ ಕಾರಲ್ಲಿ ಬಂದ್ರೆ ಟ್ರಾಫಿಕ್ಕು ನಿಮ್ಮ ಅಂಗಡಿ ಒಳಗೇ ನಿಲ್ಲುತ್ತೆ. ಲೇನ್ ಇರ್ಲಿ."

ಸೋಫಾ ಅಂಗಡಿಯ ಯಜಮಾನರು ಎದ್ದರು. "ನೀವು ಯಾವತ್ತಾದ್ರೂ ಸೈಕಲ್ ತುಳಿದಿದ್ದೀರೇನ್ರೀ?"

"ಒಂದು ತಿಂಗ್ಳಿಂದ. ಹನ್ನೊಂದು ಸಲ ಬಿದ್ದಿದ್ದೀನಿ. ಒಂಬತ್ತು ಸಲ ಇವ್ರ ಮುಂದೆ."

ಸಭೆ ಗೊಳ್ಳೆಂದಿತು. ಅವಳ ಮುಖ ಕಿವಿಯವರೆಗೂ ಕೆಂಪು! ನಗುತ್ತಲೇ ಜನ ಲೇನಿನ ಪರವಾಗಿ ಕೈಯೆತ್ತಿದರು. ಲೇನ್ ಉಳಿಯಿತು.

ಹೊರಗೆ ಅವಳು ಅವನನ್ನು ತಡೆದಳು. "ಮೊದ್ಲೇ ಹೇಳ್ಬಾರದಿತ್ತಾ?"

"ಸಭೆಗೆ ಮುಂಚೆ ವರದಿ ಬಗ್ಗೆ ಬಾಯಿ ಬಿಡೋ ಹಾಗಿರ್ಲಿಲ್ಲ. ಇನ್ನೊಂದು ವಿಷಯ ಹೇಳ್ಬೋದಿತ್ತು... ಧೈರ್ಯ ಸಾಲಲಿಲ್ಲ."

"ಏನದು?"

"ಸೈಕಲ್ ಎಣಿಸೋ ಕೆಲಸ ಮೊದಲ ವಾರವೇ ಮುಗ್ದಿತ್ತು. ನಮ್ಮನೆ, ಆಫೀಸು ಎರಡೂ ಈ ರಸ್ತೇಲಿಲ್ಲ. ಆಮೇಲೆ ಬಂದಿದ್ದೆಲ್ಲ... ನಿಮ್ಮನ್ನ ನೋಡೋಕೆ."

"ಮತ್ತೆ, ಬೀಳ್ತಿದ್ದಿದ್ದು?"

"ದೇವರಾಣೆ, ಅದು ನಿಜವಾಗ್ಲೂ ಬಿದ್ದಿದ್ದು!"

ಅವಳು ನಕ್ಕುಬಿಟ್ಟಳು. "ಭಾನುವಾರ ಮನೆಗೆ ಬನ್ನಿ. ಅಮ್ಮ ಇರ್ತಾರೆ."

ಅವನ ಮುಖ ಬಿಳಿಚಿತು. "ಅಮ್ಮನಿಗೆ ಏನಂತ ಪರಿಚಯ ಮಾಡಿಸ್ತೀರಾ?"

ಅವಳು ಮೆಲ್ಲಗೆ ಅವನ ಕೈ ಹಿಡಿದಳು.

"ನಮ್ಮನೆಯವ್ರು ಆಗೋರು... ಅಂತ."